ನಿರಾಶ್ರಿತ ಮಗುವನ್ನು ಶಾಲೆಗೆ ಸೇರಿಸುವುದು ಹೇಗೆ? ಅರ್ಜಿಯಿಂದ ಪರೀಕ್ಷೆಯವರೆಗೆ

"ಯುದ್ಧ ತಪ್ಪಿಸಿಕೊಂಡು ಬಂದ ಕುಟುಂಬವೊಂದು ನಮ್ಮ ಪಕ್ಕದಲ್ಲೇ ಇದೆ. ಮಕ್ಕಳು ದಿನವೆಲ್ಲ ಮನೆಯಲ್ಲೇ ಇರುತ್ತಾರೆ. ಅವರನ್ನು ಶಾಲೆಗೆ ಸೇರಿಸಬಹುದಾ? ಅವರ ಹತ್ತಿರ ಒಂದು ಕಾಗದವೂ ಇಲ್ಲ." ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಶಿಕ್ಷಕರಿದ್ದಾರೆ, ಸ್ವಯಂಸೇವಕರಿದ್ದಾರೆ, ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಮಕ್ಕಳಿಗೆ "ಸೇರಿಸಿಕೊಳ್ಳುವುದಿಲ್ಲ" ಎಂದು ಮುಖಕ್ಕೆ ಹೇಳುವವರು ಕಡಿಮೆ. "ಆ ಕಾಗದ ತನ್ನಿ", "ಮುಂದಿನ ತಿಂಗಳು ಬನ್ನಿ", "ಹೊಸ ವರ್ಷ ಶುರುವಾಗಲಿ, ನೋಡೋಣ" ಅನ್ನುವವರೇ ಜಾಸ್ತಿ. ಹೀಗೆ ಓಡಾಡುವುದರಲ್ಲೇ ಮಗುವಿನ ಒಂದು ವರ್ಷ ಹೋಗುತ್ತದೆ. ಎಂಟು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಸಣ್ಣದಲ್ಲ. ಅದಕ್ಕೇ ಕೆಳಗಿನ ಹೆಜ್ಜೆಗಳೆಲ್ಲ ಒಂದೇ ಗುರಿಯವು: ಮಗು ಮೊದಲು ಕ್ಲಾಸಿನೊಳಗೆ ಬರಲಿ, ಉಳಿದ ಕಾಗದ ಹಿಂದಿನಿಂದ ಬರಲಿ.

ಎಷ್ಟು ಮಕ್ಕಳು ಹೊರಗಿದ್ದಾರೆ ಎಂಬ ಅಂದಾಜು ನಿಮಗಿರಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಶಿಕ್ಷಣ ವರದಿಯ ಪ್ರಕಾರ, ನೂರು ನಿರಾಶ್ರಿತ ಮಕ್ಕಳಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರು ಸುಮಾರು 65. ಪ್ರೌಢಶಾಲೆಗೆ ಬರುವಷ್ಟರಲ್ಲಿ ಅದು 41ಕ್ಕೆ ಇಳಿದಿತ್ತು.

ಈ ಲೇಖನದಲ್ಲಿ ಪದೇ ಪದೇ ಬರುವ ಕೆಲವು ಪದಗಳು:

ನಿರಾಶ್ರಿತರು: ಜೀವಭಯದಿಂದ ದೇಶ ಬಿಟ್ಟು ಬಂದು, ರಕ್ಷಣೆಗೆ ಅರ್ಹರು ಎಂದು ಗುರುತಿಸಲ್ಪಟ್ಟವರು.
ಆಶ್ರಯ ಕೋರಿದವರು: ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರು. ಈ ಕಾಯುವಿಕೆ ವರ್ಷಗಟ್ಟಲೆ ನಡೆಯಬಹುದು. ಮಗುವಿನ ಶಾಲೆ ಅಲ್ಲಿಯವರೆಗೆ ಕಾಯಬೇಕಿಲ್ಲ.
ಯುಎನ್‌ಎಚ್‌ಸಿಆರ್: ಮೇಲೆ ಹೇಳಿದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಹಲವು ದೇಶಗಳಲ್ಲಿ ಇವರೇ ನೋಂದಣಿ ಮಾಡಿ ಗುರುತಿನ ಕಾರ್ಡು ಕೊಡುತ್ತಾರೆ. ಇನ್ನು ಕೆಲವು ಕಡೆ ಆ ಕೆಲಸ ಸರ್ಕಾರದ್ದೇ.
ಸೇತುಬಂಧ: ಮಗುವನ್ನು ಮಾಮೂಲಿ ತರಗತಿಗೆ ಸಿದ್ಧಮಾಡುವ ಸಣ್ಣ ಅವಧಿಯ ಕಲಿಕೆ. ಭಾಷೆಗೆ ಇದರಲ್ಲಿ ಹೆಚ್ಚು ಒತ್ತು.
ವೇಗದ ಕಲಿಕೆ: ಹಲವು ವರ್ಷ ಶಾಲೆ ತಪ್ಪಿದ ದೊಡ್ಡ ಮಕ್ಕಳಿಗೆ, ಆರು ವರ್ಷದ ಪಾಠವನ್ನು ಸುಮಾರು ಮೂರು ವರ್ಷದಲ್ಲಿ ಮುಗಿಸಿಕೊಡುವ ಕಾರ್ಯಕ್ರಮ.

1. ನೀವಿರುವ ದೇಶದಲ್ಲಿ ಬಾಗಿಲು ಎಷ್ಟು ತೆರೆದಿದೆ ಎಂದು ತಿಳಿದುಕೊಳ್ಳಿ

ಶಾಲೆಗೆ ಹೋಗುವ ಮೊದಲು ಈ ಕೆಲಸಕ್ಕೆ ಒಂದು ಸಂಜೆ ಕೊಡಿ. 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿ, ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ಸ್ವಂತ ಪ್ರಜೆಗಳಂತೆಯೇ ಕಾಣಬೇಕು ಎನ್ನುತ್ತದೆ. ನಿಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲದಿದ್ದರೂ ದಾರಿ ಮುಚ್ಚಿಲ್ಲ. 1989ರ ಮಕ್ಕಳ ಹಕ್ಕುಗಳ ಒಪ್ಪಂದದ 28ನೇ ವಿಧಿ ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತ ಮತ್ತು ಕಡ್ಡಾಯವಾಗಬೇಕು ಎನ್ನುತ್ತದೆ. ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಅಮೆರಿಕ ಒಂದನ್ನು ಬಿಟ್ಟು ಉಳಿದವೆಲ್ಲ ಅದನ್ನು ಅಂಗೀಕರಿಸಿವೆ.

ಆದರೆ ಶಾಲೆಯ ಕಚೇರಿಯಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮಾತು ಅಷ್ಟಾಗಿ ನಡೆಯುವುದಿಲ್ಲ. ಆ ದೇಶದ ಸ್ವಂತ ಕಾನೂನಿನ ಮಾತು ನಡೆಯುತ್ತದೆ. ಅದನ್ನು ಹುಡುಕಿ. ಕೆಲವು ಉದಾಹರಣೆ ಕೊಡುತ್ತೇನೆ, ಏನನ್ನು ಹುಡುಕಬೇಕು ಎಂದು ಗೊತ್ತಾಗುತ್ತದೆ.

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿನ ಬಗ್ಗೆ ಮಾತಾಡುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಅದರ 14ನೇ ಸೆಕ್ಷನ್ನಿನಲ್ಲೇ ಇದೆ. ಅಮೆರಿಕದಲ್ಲಿ, ವಲಸೆ ದಾಖಲೆ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಯುರೋಪಿಯನ್ ಒಕ್ಕೂಟದ 2013ರ ನಿಯಮದಲ್ಲಿ ಆಶ್ರಯದ ಅರ್ಜಿ ಹಾಕಿದ ಮೂರು ತಿಂಗಳೊಳಗೆ ಶಿಕ್ಷಣ ಸಿಗಬೇಕು ಎಂದಿತ್ತು. 2024ರ ಹೊಸ ನಿಯಮ ಅದನ್ನು ಎರಡು ತಿಂಗಳಿಗೆ ಇಳಿಸಿತು.

ಎಲ್ಲ ಕಡೆ ಹೀಗಿಲ್ಲ. ಮಲೇಷ್ಯಾದಲ್ಲಿ ನಿರಾಶ್ರಿತ ಮಕ್ಕಳಿಗೆ ಸರ್ಕಾರಿ ಶಾಲೆಯ ಪ್ರವೇಶವಿಲ್ಲ. ಅಲ್ಲಿ ಸಮುದಾಯದವರು, ಸಂಘಸಂಸ್ಥೆಗಳು ನಡೆಸುವ ಕಲಿಕಾ ಕೇಂದ್ರಗಳೇ ಗತಿ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿ, ಮ್ಯಾನ್ಮಾರ್‌ನಿಂದ ಓಡಿಬಂದ ರೊಹಿಂಗ್ಯಾ ಸಮುದಾಯದ ಮಕ್ಕಳು ಕಲಿಯುವುದೂ ಇಂಥ ಕೇಂದ್ರಗಳಲ್ಲೇ. 2021ರ ಕೊನೆಯಿಂದ ಅಲ್ಲಿ ಮ್ಯಾನ್ಮಾರ್ ಪಠ್ಯಕ್ರಮ ಶುರುವಾಗಿದೆ. ಲೆಬನಾನಿನಲ್ಲಿ ಸಿರಿಯಾದ ಬಹಳಷ್ಟು ಮಕ್ಕಳು ಸರ್ಕಾರಿ ಶಾಲೆಗಳ ಮಧ್ಯಾಹ್ನದ ಪಾಳಿಗೆ ಹೋಗುತ್ತಾರೆ. ನಿಮ್ಮ ದೇಶದ ವ್ಯವಸ್ಥೆ ಇದರಲ್ಲಿ ಯಾವ ಥರದ್ದು ಎಂದು ಮೊದಲೇ ಗೊತ್ತಿದ್ದರೆ, ತೆರೆಯದ ಬಾಗಿಲು ತಟ್ಟುತ್ತಾ ದಿನ ಕಳೆಯುವುದು ತಪ್ಪುತ್ತದೆ.

ಆ ಕಾನೂನಿನ ಅಥವಾ ಸುತ್ತೋಲೆಯ ಸಂಬಂಧಪಟ್ಟ ಪುಟವನ್ನು ಪ್ರಿಂಟ್ ತೆಗೆದುಕೊಳ್ಳಿ. ಒಂದೇ ಪುಟ ಸಾಕು.

2. ಕುಟುಂಬದ ಜೊತೆ ಕೂತು ಮಾತಾಡಿ

ತಂದೆತಾಯಿಗೆ ಇಷ್ಟವಿದೆಯಾ ಎಂದು ಮೊದಲು ಕೇಳಿ. ಅವರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ. ಮಾತಾಡಲು ದುಭಾಷಿ ಬೇಕಾಗಬಹುದು, ಅಂದರೆ ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರು. ಮನೆಯ ಮಗುವನ್ನೇ ದುಭಾಷಿ ಮಾಡಿಕೊಳ್ಳಬೇಡಿ. ದೊಡ್ಡವರ ಕಷ್ಟವನ್ನೆಲ್ಲ ಮಗು ತನ್ನ ಬಾಯಲ್ಲೇ ಹೇಳಬೇಕಾಗುತ್ತದೆ.

ಅವರು ಯಾಕೆ ಓಡಿಬಂದರು, ದಾರಿಯಲ್ಲಿ ಏನಾಯಿತು ಎಂದು ಕೆದಕಬೇಡಿ. ಶಾಲೆಗೆ ಅದು ಬೇಕಿಲ್ಲ, ನಿಮಗೂ ಬೇಕಿಲ್ಲ. ಬೇಕಾಗಿರುವುದು ಇಷ್ಟು: ಮಗುವಿನ ಹೆಸರು, ಹುಟ್ಟಿದ ದಿನ, ಎಲ್ಲಿಯವರೆಗೆ ಓದಿದೆ, ಯಾವ ಭಾಷೆಯಲ್ಲಿ ಓದಿದೆ, ಎಷ್ಟು ಕಾಲ ಶಾಲೆ ತಪ್ಪಿದೆ, ಕಣ್ಣು, ಕಿವಿ ಅಥವಾ ಬೇರೆ ಆರೋಗ್ಯದ ತೊಂದರೆ ಇದೆಯಾ.

ಇದರಲ್ಲಿ ಹೆಚ್ಚು ಎಡವಟ್ಟಾಗುವುದು ಹೆಸರು ಮತ್ತು ಹುಟ್ಟಿದ ದಿನದಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹುಟ್ಟಿದ ದಿನ: ಎಲ್ಲ ದೇಶಗಳ ಪಂಚಾಂಗವೂ ಒಂದೇ ಅಲ್ಲ. ಇಥಿಯೋಪಿಯಾದ ವರ್ಷ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ಅಲ್ಲಿನ ಕಾಗದದಲ್ಲಿ 2010 ಎಂದಿದ್ದರೆ ಮಗು ಹುಟ್ಟಿದ್ದು 2017 ಅಥವಾ 2018ರಲ್ಲಿ. ಅದನ್ನು ಹಾಗೇ ನಕಲು ಮಾಡಿದರೆ ಪುಟ್ಟ ಮಗು ಹೈಸ್ಕೂಲು ವಯಸ್ಸಿನದ್ದಾಗಿಬಿಡುತ್ತದೆ! ಅಫ್ಘಾನಿಸ್ತಾನದ ಸೌರ ವರ್ಷಕ್ಕೆ 621 ಕೂಡಿಸಬೇಕು. ಅಲ್ಲಿ ಹೊಸ ವರ್ಷ ಮಾರ್ಚಿನಲ್ಲಿ ಶುರು. ಹಾಗಾಗಿ 1395 ಅಂದರೆ 2016, ವರ್ಷದ ಕೊನೆಯ ತಿಂಗಳುಗಳಾದರೆ 2017. ಬರೀ ವರ್ಷ ಗೊತ್ತಿದ್ದು ದಿನ ಗೊತ್ತಿಲ್ಲದಿದ್ದರೆ ಕಚೇರಿಗಳು ಜನವರಿ 1 ಎಂದು ಬರೆಯುವುದುಂಟು. ಅಣ್ಣ ತಂಗಿ ಎಲ್ಲರ ಹುಟ್ಟಿದ ದಿನವೂ ಜನವರಿ 1 ಎಂದಿದ್ದರೆ ಅದು ಸುಳ್ಳು ಕಾಗದ ಎಂದು ಶಾಲೆಯವರು ಅನುಮಾನಪಡಬಾರದು. ಇದನ್ನು ನೀವೇ ಮುಂಚೆ ಹೇಳಿಬಿಡಿ.

ಹೆಸರು: ಫಾರಂನಲ್ಲಿ "ಮನೆತನದ ಹೆಸರು" ಎಂಬ ಖಾನೆ ಇರುತ್ತದೆ. ಮ್ಯಾನ್ಮಾರ್‌ನ ಬಹುತೇಕ ಜನರಿಗೆ ಮನೆತನದ ಹೆಸರೇ ಇಲ್ಲ. ಸೊಮಾಲಿಯಾ, ಇಥಿಯೋಪಿಯಾ, ಎರಿಟ್ರಿಯಾದವರು ಮೊದಲು ಮಗುವಿನ ಹೆಸರು, ಅದಾದ ಮೇಲೆ ತಂದೆಯ ಹೆಸರು, ಆಮೇಲೆ ಅಜ್ಜನ ಹೆಸರು ಬರೆಯುತ್ತಾರೆ. ಹೀಗಾಗಿ ತಂದೆಯ ಕೊನೆಯ ಹೆಸರೂ ಮಗುವಿನ ಕೊನೆಯ ಹೆಸರೂ ಬೇರೆ ಬೇರೆ ಇರುತ್ತವೆ. "ಇವರು ನಿಜವಾಗಿ ತಂದೆಯೇ?" ಎಂಬ ಪ್ರಶ್ನೆ ಬರುವುದು ಇಲ್ಲಿಂದಲೇ. ಜೊತೆಗೆ ಒಂದೇ ಹೆಸರನ್ನು ಬೇರೆ ಲಿಪಿಯಲ್ಲಿ ನಾಲ್ಕು ಥರ ಬರೆಯಬಹುದು. ಒಂದು ನಿಯಮ ಇಟ್ಟುಕೊಳ್ಳಿ: ನೋಂದಣಿ ಕಾರ್ಡಿನಲ್ಲಿ ಯಾವ ಅಕ್ಷರ ಇದೆಯೋ ಶಾಲೆಯ ಪುಸ್ತಕದಲ್ಲೂ ಅದೇ ಅಕ್ಷರ. ಒಂದಕ್ಷರವೂ ಬದಲಾಗಬಾರದು. ಕಾರ್ಡಿನಲ್ಲೇ ತಪ್ಪಿದ್ದರೆ ಅಲ್ಲಿ ತಿದ್ದಿಸಲು ಅರ್ಜಿ ಹಾಕಿ. ಶಾಲೆಯಲ್ಲಿ ಮಾತ್ರ "ಸರಿ" ಬರೆಸಿದರೆ ಮುಂದೆ ಎರಡು ಹೆಸರಿನ ಗೋಜಲು ಶುರುವಾಗುತ್ತದೆ.

3. ಕಾಗದಪತ್ರ ಒಟ್ಟುಮಾಡಿ, ಆದರೆ ಇರುವಷ್ಟನ್ನೇ

ಒಂದು ಫೈಲು ಮಾಡಿ. ನೋಂದಣಿ ಕಾರ್ಡು ಅಥವಾ ಆಶ್ರಯ ಅರ್ಜಿಯ ರಸೀದಿ, ಇದ್ದರೆ ಜನನ ಪತ್ರ, ಹಳೆಯ ಶಾಲೆಯ ಯಾವುದಾದರೂ ಕಾಗದ, ಲಸಿಕೆ ಕಾರ್ಡು, ಈಗಿನ ವಿಳಾಸಕ್ಕೆ ಆಧಾರ, ಎರಡು ಫೋಟೋ. ಮೊಬೈಲಿನಲ್ಲಿ ಉಳಿದಿರುವ ಅಂಕಪಟ್ಟಿಯ ಫೋಟೋ ಕೂಡ ಉಪಯೋಗಕ್ಕೆ ಬರುತ್ತದೆ. ಏನೂ ಇಲ್ಲವಾ? ತಂದೆತಾಯಿ ಸಹಿ ಮಾಡಿದ ಒಂದು ಪುಟದ ಘೋಷಣೆ ಬರೆಸಿ. ಮಗುವಿನ ಹೆಸರು, ಅಂದಾಜು ವಯಸ್ಸು, ಓದಿದ ತರಗತಿ, ದಾಖಲೆ ಕಳೆದುಹೋದ ಕಾರಣ, ಇಷ್ಟು ಇದ್ದರೆ ಸಾಕು.

ಶಾಲೆಗೆ ಯಾವಾಗಲೂ ನಕಲು ಕೊಡಿ. ಮೂಲಪ್ರತಿ ತೋರಿಸಿ, ವಾಪಸ್ ತನ್ನಿ. ಕಳೆದುಹೋದರೆ ಮತ್ತೆ ಮಾಡಿಸಲು ಇವರಿಗೆ ಊರೇ ಇಲ್ಲ.

ಲಸಿಕೆ ಕಾರ್ಡು ಇಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ದಾಖಲೆ ಇಲ್ಲದ ಲಸಿಕೆಯನ್ನು ಹಾಕಿಲ್ಲವೆಂದೇ ಲೆಕ್ಕ ಹಿಡಿದು ಮತ್ತೆ ಕೊಡುವುದು ವೈದ್ಯರ ಸಾಮಾನ್ಯ ಪದ್ಧತಿ. ಹೊಸ ಕಾರ್ಡು ಅಲ್ಲೇ ಸಿಗುತ್ತದೆ.

ಈ ಹಂತದಲ್ಲಿ ಮೂರು ತಪ್ಪು ಆಗದಂತೆ ನೋಡಿಕೊಳ್ಳಿ. ಮೊದಲನೆಯದು ಎಲ್ಲಕ್ಕಿಂತ ಅಪಾಯದ್ದು.

ಟಿಸಿ, ಅಂದರೆ ವರ್ಗಾವಣೆ ಪತ್ರ ಬೇಕೆಂದು ಮಗುವಿನ ದೇಶದ ರಾಯಭಾರ ಕಚೇರಿಗೋ ಹಳೆಯ ಶಾಲೆಗೋ ಬರೆಯಬೇಡಿ, ಫೋನ್ ಮಾಡಬೇಡಿ. ಶಾಲೆಯವರು ಒತ್ತಾಯಿಸಿದರೂ ಬೇಡ. ಆ ಕುಟುಂಬ ಓಡಿಬಂದಿರುವುದು ಅದೇ ಸರ್ಕಾರದ ಭಯದಿಂದ ಇರಬಹುದು. ಅವರು ಎಲ್ಲಿದ್ದಾರೆ ಎಂಬ ಸುದ್ದಿ ಆ ಕಡೆ ಹೋದರೆ ಅಲ್ಲಿ ಉಳಿದ ನೆಂಟರಿಗೆ ತೊಂದರೆಯಾಗಬಹುದು, ಇಲ್ಲಿನ ಆಶ್ರಯದ ಅರ್ಜಿಗೂ ಪೆಟ್ಟು ಬೀಳಬಹುದು.

ಎರಡನೆಯದು, ವಯಸ್ಸು ಕಡಿಮೆ ಬರೆಸುವುದು. ಚಿಕ್ಕ ಕ್ಲಾಸಿಗೆ ಹೊಂದಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುವವರಿದ್ದಾರೆ. ಆದರೆ ಆಶ್ರಯದ ಅರ್ಜಿಯಲ್ಲಿ ಒಂದು ವಯಸ್ಸು, ಶಾಲೆಯಲ್ಲಿ ಇನ್ನೊಂದು ಎಂದಾದರೆ ಇಡೀ ಕುಟುಂಬದ ಮಾತಿನ ಮೇಲೆ ಅನುಮಾನ ಬರುತ್ತದೆ.

ಮೂರನೆಯದು, ಮಗು ಅಜ್ಜಿ ಅಥವಾ ಚಿಕ್ಕಪ್ಪನ ಜೊತೆ ಬಂದಿದ್ದರೆ ಅವರನ್ನೇ ತಂದೆತಾಯಿ ಎಂದು ಬರೆಸುವುದು. ನಿಜ ಹೇಳಿ, ಪಾಲಕರ ಪತ್ರ ಮಾಡಿಸಿ. ಮಕ್ಕಳ ರಕ್ಷಣೆಯ ಕಚೇರಿ ಅಥವಾ ಯುಎನ್‌ಎಚ್‌ಸಿಆರ್ ಇದಕ್ಕೆ ದಾರಿ ತೋರಿಸುತ್ತದೆ.

4. ಶಾಲೆಗೆ ಹೋಗಿ

ತಂದೆ ಅಥವಾ ತಾಯಿಯನ್ನು ಕರೆದುಕೊಂಡೇ ಹೋಗಿ. ಗುಮಾಸ್ತರ ಮೇಜಿನಲ್ಲೇ ನಿಲ್ಲದೆ ಮುಖ್ಯೋಪಾಧ್ಯಾಯರನ್ನು ಕೇಳಿ. ದನಿ ಮೃದುವಾಗಿರಲಿ. ಇಂಥ ಮಗುವನ್ನು ಅವರು ಮೊದಲ ಸಲ ನೋಡುತ್ತಿರಬಹುದು. ಬಹಳ ಸಲ ಅವರ ಹಿಂಜರಿಕೆಯ ಹಿಂದೆ ಇರುವುದು ದ್ವೇಷ ಅಲ್ಲ, ಮೇಲಿನವರು ಏನಂತಾರೋ ಎಂಬ ಭಯ. ನಿಮ್ಮ ಕೈಯಲ್ಲಿರುವ ಆ ಒಂದು ಪುಟ ಆಗ ಕೆಲಸಕ್ಕೆ ಬರುತ್ತದೆ.

ಹೀಗೆ ಕೇಳಿ: "ಉಳಿದ ಕಾಗದ ಬರುವವರೆಗೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳಿ. ಏನೇನು ಬಾಕಿ ಇದೆ ಎಂದು ಬರೆದುಕೊಡಿ, ತಂದುಕೊಡುತ್ತೇವೆ."

ಅರ್ಜಿಯ ಎರಡು ಪ್ರತಿ ಇಟ್ಟುಕೊಳ್ಳಿ. ಒಂದರ ಮೇಲೆ ತಾರೀಖು, ಸೀಲು, ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿ ವಾಪಸ್ ಬಂದರೆ ನೀವು ಹೋಗಿದ್ದಕ್ಕೇ ಸಾಕ್ಷಿ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. "ಸುಮ್ನೆ ಬಂದು ಕೂತು ಕೇಳಲಿ ಬಿಡಿ" ಎಂದು ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ. ಒಂದೆರಡು ವಾರಕ್ಕೆ ಪರವಾಗಿಲ್ಲ. ಅದರ ಮೇಲೆ ಬೇಡ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಪುಸ್ತಕ ಬರುವುದಿಲ್ಲ, ಊಟದ ಲೆಕ್ಕದಲ್ಲಿ ಸೇರುವುದಿಲ್ಲ, ಪರೀಕ್ಷೆಗೆ ಕೂರಲಾಗುವುದಿಲ್ಲ. ಬೆಂಚಿನ ಜೊತೆಗೆ ಹಾಜರಿ ಪುಸ್ತಕದಲ್ಲಿ ಒಂದು ಸಾಲೂ ಬೇಕು.

5. ಆಗುವುದಿಲ್ಲ ಎಂದರೆ

ಹೆಚ್ಚಾಗಿ ಕೇಳುವ ಕಾರಣಗಳು ನಾಲ್ಕು. "ವರ್ಷದ ಮಧ್ಯ ಆಗಲ್ಲ" ಎಂದರೆ ಕಾನೂನಿನಲ್ಲಿ ಏನಿದೆ ನೋಡಿ. ಭಾರತದ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಪ್ರವೇಶದ ಅವಧಿ ಮುಗಿದ ಮೇಲೂ ಸೇರಿಸಿಕೊಳ್ಳಬೇಕು. 2018ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿದ ನಿರಾಶ್ರಿತರ ಜಾಗತಿಕ ಒಡಂಬಡಿಕೆಯೂ, ಬಂದ ಮೂರು ತಿಂಗಳೊಳಗೆ ಮಕ್ಕಳು ಶಾಲೆಯಲ್ಲಿದ್ದರೆ ಒಳ್ಳೆಯದು ಎನ್ನುತ್ತದೆ. "ಭಾಷೆ ಬರಲ್ಲ" ಎಂದರೆ, ಭಾಷೆ ಕಲಿಯುವುದು ಶಾಲೆಯಲ್ಲೇ ಅಲ್ವಾ ಎಂದು ಕೇಳಿ, ಸೇತುಬಂಧದ ಮಾತು ಎತ್ತಿ. "ಸೀಟಿಲ್ಲ" ಎಂದರೆ ಹತ್ತಿರದ ಇನ್ನೊಂದು ಶಾಲೆಯ ಹೆಸರು ಕೊಡಲು ಹೇಳಿ. "ಕಾಗದವಿಲ್ಲ" ಎಂಬುದಕ್ಕೆ ಮೇಲೆ ಹೇಳಿದ ಘೋಷಣೆ ಇದೆ.

ಇಷ್ಟಾದರೂ ಆಗದಿದ್ದರೆ ಹಿಂಬರಹ ಕೇಳಿ, ಅಂದರೆ ನಿರಾಕರಣೆಯನ್ನು ಕಾರಣ ಸಹಿತ ಬರೆದುಕೊಡಿ ಎನ್ನಿ. ಬರೆದುಕೊಡಬೇಕಾಗಿ ಬಂದಾಗ ಎಷ್ಟೋ ಜನ ಇನ್ನೊಮ್ಮೆ ಯೋಚಿಸುತ್ತಾರೆ. ಬರೆದುಕೊಟ್ಟರೆ ಅದೇ ನಿಮ್ಮ ಮುಂದಿನ ಮೆಟ್ಟಿಲು: ಮೊದಲು ಸ್ಥಳೀಯ ಶಿಕ್ಷಣಾಧಿಕಾರಿ, ಆಮೇಲೆ ಯುಎನ್‌ಎಚ್‌ಸಿಆರ್ ಅಥವಾ ಅವರ ಜೊತೆ ಕೆಲಸ ಮಾಡುವ ಸಂಸ್ಥೆ, ಮಕ್ಕಳ ಹಕ್ಕುಗಳ ಆಯೋಗ, ಕೊನೆಗೆ ಉಚಿತ ಕಾನೂನು ನೆರವು. ಬರವಣಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ ಇದೆ. 2025ರ ಫೆಬ್ರವರಿಯಲ್ಲಿ ರೊಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಮಕ್ಕಳು ಮೊದಲು ಸರ್ಕಾರಿ ಶಾಲೆಗೇ ಹೋಗಿ ಪ್ರವೇಶ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ಅರ್ಜಿ ಹಾಕಿದ ಗುರುತೇ ಇಲ್ಲದಿದ್ದರೆ ಈ ದಾರಿ ಹಿಡಿಯುವುದು ಹೇಗೆ?

ಪತ್ರಿಕೆಯವರಿಗೆ ಹೇಳುವ, ಮಗುವಿನ ಫೋಟೋ ಜಾಲತಾಣಕ್ಕೆ ಹಾಕುವ ಯೋಚನೆ ಬಂದರೆ ದಯವಿಟ್ಟು ತಡೆದುಕೊಳ್ಳಿ. ಮುಖ, ಹೆಸರು, ಶಾಲೆಯ ಹೆಸರು ಯಾವುದೂ ಹೊರಗೆ ಹೋಗಬಾರದು. ಮೂರನೇ ಹೆಜ್ಜೆಯಲ್ಲಿ ಹೇಳಿದ ಅಪಾಯವೇ ಇಲ್ಲೂ ಇದೆ.

6. ಯಾವ ಕ್ಲಾಸು?

ಹನ್ನೊಂದು ವರ್ಷದ ಹುಡುಗಿಯನ್ನು ಅಕ್ಷರ ಬರುವುದಿಲ್ಲವೆಂದು ಆರು ವರ್ಷದವರ ಜೊತೆ ಕೂರಿಸಿದರೆ ಅವಳು ಬಹಳ ದಿನ ಬರುವುದಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು. ಅಷ್ಟು ಕಷ್ಟಪಟ್ಟು ಸೇರಿಸಿದ ಮಗು, ನಾಚಿಕೆಯಿಂದ ಮನೆಯಲ್ಲೇ ಉಳಿದುಬಿಡುತ್ತದೆ. ವಯಸ್ಸಿಗೆ ತಕ್ಕ ತರಗತಿಯನ್ನೇ ಕೇಳಿ, ಜೊತೆಗೆ ವಿಶೇಷ ತರಬೇತಿ ಕೇಳಿ. ಭಾರತದ ಕಾಯ್ದೆಯ 4ನೇ ಸೆಕ್ಷನ್ ಹೇಳುವುದೂ ಇದನ್ನೇ.

ಮೂರು ನಾಲ್ಕು ವರ್ಷ ಓದು ತಪ್ಪಿದ್ದರೆ ವೇಗದ ಕಲಿಕೆ ಒಳ್ಳೆಯದು. ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಲೇಬೇಕು. ಇಲ್ಲಿನ ಪ್ರಮಾಣಪತ್ರವನ್ನು ಸರ್ಕಾರ ಒಪ್ಪುತ್ತದೆಯಾ? ಇಲ್ಲಿಂದ ಮಾಮೂಲಿ ಶಾಲೆಗೆ ಹೋಗಬಹುದಾ? ಎರಡಕ್ಕೂ "ಇಲ್ಲ" ಎಂಬ ಉತ್ತರ ಬಂದರೆ, ಮಾಮೂಲಿ ಶಾಲೆ ಸಿಗುವ ಸಾಧ್ಯತೆ ಇರುವಾಗ ಅದನ್ನು ಆರಿಸಬೇಡಿ. ಬೇರೆ ದಾರಿಯೇ ಇಲ್ಲದ ಕಡೆ ಅದನ್ನೇ ಹಿಡಿಯಿರಿ. ಕಲಿತ ಓದು, ಲೆಕ್ಕ ಎಲ್ಲಿಗೂ ಹೋಗುವುದಿಲ್ಲ.

ಪ್ರವೇಶಕ್ಕೆ ಮುಂಚೆ ಮಟ್ಟ ತಿಳಿಯಲು ಪರೀಕ್ಷೆ ಕೊಟ್ಟರೆ, ಲೆಕ್ಕವನ್ನಾದರೂ ಮಗುವಿನ ಭಾಷೆಯಲ್ಲಿ ಕೇಳಲು ಹೇಳಿ. ಗುಣಾಕಾರ ಬರುವ ಮಗು ಪ್ರಶ್ನೆ ಅರ್ಥವಾಗದೆ ಸೊನ್ನೆ ತೆಗೆದುಕೊಳ್ಳುವುದುಂಟು.

7. ಭಾಷೆಗೆ ಸಮಯ ಕೊಡಿ

ಆಟದ ಮೈದಾನದ ಭಾಷೆ ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆ, ಅಂದರೆ ವಿಜ್ಞಾನ, ಸಮಾಜ ಓದಿ ಬರೆಯುವಷ್ಟು ಹಿಡಿತ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎನ್ನುತ್ತಾರೆ ಭಾಷಾ ಕಲಿಕೆಯನ್ನು ಅಧ್ಯಯನ ಮಾಡಿದವರು. "ಮಾತು ಚೆನ್ನಾಗಿ ಆಡ್ತಾನೆ, ಓದುವುದರಲ್ಲಿ ಮಾತ್ರ ಸೋಮಾರಿ" ಎಂದು ಶಿಕ್ಷಕರು ಹೇಳಿದರೆ ಈ ವ್ಯತ್ಯಾಸವನ್ನು ತಿಳಿಸಿ. ಮೊದಲ ತಿಂಗಳುಗಳಲ್ಲಿ ಮಗು ಏನೂ ಮಾತಾಡದೆ ಕೂತರೂ ಗಾಬರಿ ಬೇಡ. ಅದು ಕೇಳಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಮಾತೃಭಾಷೆ ಬಿಡಿ ಎಂದು ತಂದೆತಾಯಿಗೆ ಹೇಳಬೇಡಿ. ಆ ಭಾಷೆಯಲ್ಲಿ ಕಥೆ ಕೇಳಿದ, ಓದಿದ ಮಗು ಹೊಸ ಭಾಷೆಯನ್ನೂ ಬೇಗ ಹಿಡಿಯುತ್ತದೆ.

8. ಮೊದಲ ಆರು ವಾರ ಬಿಡದೆ ವಿಚಾರಿಸಿ

ದಾಖಲಾತಿ ಆಯಿತೆಂದು ಬಹಳಷ್ಟು ಜನ ಇಲ್ಲಿ ಕೈಬಿಡುತ್ತಾರೆ. ಮಕ್ಕಳು ಶಾಲೆ ಬಿಡುವುದು ಇಲ್ಲೇ. ವಾರಕ್ಕೊಮ್ಮೆ ಹೋಗಿ ಅಥವಾ ಫೋನ್ ಮಾಡಿ. ಶುಲ್ಕವಿಲ್ಲದ ಶಾಲೆಯಲ್ಲೂ ಸಮವಸ್ತ್ರ, ಶೂ, ಬಸ್ಸು, ಪರೀಕ್ಷೆ ಅಂತ ಖರ್ಚಿದೆ. ಕೇಳಲು ತಂದೆತಾಯಿಗೆ ಸಂಕೋಚ. ಹೆಣ್ಣುಮಕ್ಕಳಿದ್ದರೆ ದಾರಿ ಸುರಕ್ಷಿತವೇ, ಶಾಲೆಯಲ್ಲಿ ಬಾಗಿಲಿರುವ ಶೌಚಾಲಯ ಇದೆಯೇ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ ಇವಳ ಮೇಲೆ ಬಿದ್ದಿದೆಯೇ ಎಂದು ಕೇಳಿ. ಅಕ್ಕಪಕ್ಕದ ಮಗುವಿನ ಜೊತೆ ಸೇರಿ ಹೋಗುವಂತೆ ಮಾಡಿದರೆ ದಾರಿಯ ಭಯ ಎಷ್ಟೋ ಕಡಿಮೆಯಾಗುತ್ತದೆ.

ಜೋರು ಸದ್ದಿಗೆ ಬೆಚ್ಚುವುದು, ನಿದ್ದೆಯಿಲ್ಲದೆ ತೂಕಡಿಸುವುದು, ಸಣ್ಣದಕ್ಕೆ ಸಿಟ್ಟು, ಇವು ಕಂಡರೆ ಶಿಕ್ಷಕರಿಗೆ ಮೊದಲೇ ಒಂದು ಮಾತು ಹೇಳಿ. ಗಂಟೆ, ಸಾಲು, ದಿನವೂ ಅದೇ ಜಾಗ, ಅದೇ ಮೇಷ್ಟ್ರು, ಈ ನಿಯಮಿತ ದಿನಚರಿಯೇ ಬಹಳ ಮಕ್ಕಳಿಗೆ ನೆಮ್ಮದಿ ತರುತ್ತದೆ. ವಾರಗಳು ಕಳೆದರೂ ಕಡಿಮೆಯಾಗದಿದ್ದರೆ ಆಪ್ತ ಸಲಹೆಗಾರರನ್ನು ಕಾಣಿಸಿ. ಬೇರೆ ಮಕ್ಕಳು ಹೀಯಾಳಿಸುತ್ತಿದ್ದರೆ "ಅಡ್ಜಸ್ಟ್ ಮಾಡ್ಕೋ" ಎನ್ನಬೇಡಿ, ಅವತ್ತೇ ಶಾಲೆಗೆ ಹೋಗಿ ಮಾತಾಡಿ.

9. ಕೊನೆಯ ವರ್ಷಕ್ಕೆ ಒಂದು ವರ್ಷ ಮುಂಚೆ

ಹಲವು ದೇಶಗಳಲ್ಲಿ ಪ್ರಾಥಮಿಕ ಹಂತದ ಕೊನೆಗೆ ಸರ್ಕಾರಿ ಪರೀಕ್ಷೆ ಇರುತ್ತದೆ. ಅದರ ನೋಂದಣಿಗೆ ಗುರುತಿನ ಸಂಖ್ಯೆ ಕೇಳಬಹುದು. ಐದಾರು ವರ್ಷ ಯಾರೂ ಕೇಳದ ಸಂಖ್ಯೆ ಆಗ ಒಮ್ಮೆಲೇ ಬೇಕಾಗುತ್ತದೆ. ಹಾಗಾಗಿ ಹಿಂದಿನ ವರ್ಷವೇ ಹೆಡ್‌ಮಾಸ್ಟರನ್ನು ಕೇಳಿ: ನಿರಾಶ್ರಿತ ಕಾರ್ಡಿನ ಸಂಖ್ಯೆ ನಡೆಯುತ್ತದೆಯಾ, ಇಲ್ಲವಾದರೆ ಬದಲಿ ಸಂಖ್ಯೆ ಕೊಡುವವರು ಯಾರು? ಆಶ್ರಯದ ಕಾರ್ಡಿನ ಅವಧಿ ಪರೀಕ್ಷೆಗೆ ಮುಂಚೆ ಮುಗಿಯುತ್ತದೆಯಾ ಎಂದೂ ನೋಡಿ, ಮುಗಿಯುವುದಾದರೆ ನವೀಕರಣಕ್ಕೆ ಈಗಲೇ ಅರ್ಜಿ ಹಾಕಿಸಿ.

ಪ್ರತಿ ವರ್ಷದ ಅಂಕಪಟ್ಟಿ, ಹಾಜರಿ ಪತ್ರ, ಲಸಿಕೆ ಕಾರ್ಡು ಎಲ್ಲದರ ಫೋಟೋ ತೆಗೆದು, ತಂದೆತಾಯಿ ಯಾವ ಫೋನಿನಿಂದಲಾದರೂ ತೆರೆಯಬಹುದಾದ ಇಮೇಲ್ ಖಾತೆಗೆ ಕಳಿಸಿಡಿ. ಪಾಸ್‌ವರ್ಡ್ ಅವರ ಹತ್ತಿರವೇ ಇರಲಿ, ನಿಮ್ಮ ಹತ್ತಿರ ಅಲ್ಲ. ಈ ಕುಟುಂಬ ಮತ್ತೆ ಊರು ಬದಲಿಸಬೇಕಾಗಿ ಬಂದರೆ, ಮುಂದಿನ ಶಾಲೆಯ ಮೇಜಿನ ಮೇಲೆ ಇಡಲು ಅವರ ಕೈಯಲ್ಲಿ ಈ ಸಲ ಕಾಗದ ಇರುತ್ತದೆ.